ನಾಲ್ಕು ಬಾಟಲಿ, ಒಂದೇ ಮೆಗ್ನೀಸಿಯಮ್: ಹಿರಿಯರ ಔಷಧಿ ಡಬ್ಬಿಯ ಲೆಕ್ಕ

ಎಪ್ಪತ್ತೈದು ದಾಟಿದವರ ಔಷಧಿ ಡಬ್ಬಿ ತೆರೆದರೆ ಮೆಗ್ನೀಸಿಯಮ್ ಅಲ್ಲಿ ಒಂದೇ ಹೆಸರಿನಲ್ಲಿ ಕೂತಿರುವುದು ಅಪರೂಪ. ರಾತ್ರಿ ನಿದ್ದೆ ಬರಲಿ, ಮೀನಖಂಡದ ಸೆಳೆತ ಕಡಿಮೆಯಾಗಲಿ ಎಂದು ತಂದ ಮಾತ್ರೆಯ ಮೇಲೆ ಅದರ ಹೆಸರು ದಪ್ಪಕ್ಷರದಲ್ಲೇ ಇರುತ್ತದೆ. ಎದೆಯುರಿ ಬಂದಾಗ ಕುಡಿಯುವ ಬಿಳಿ ಆಂಟಾಸಿಡ್ ಸಿರಪ್‌ನಲ್ಲಿ ಮೆಗ್ನೀಸಿಯಮ್ ಹೈಡ್ರಾಕ್ಸೈಡ್ ಆಗಿ ಇರುತ್ತದೆ. ಬೆಳಿಗ್ಗೆ ಹೊಟ್ಟೆ ಸಲೀಸಾಗಲಿ ಎಂದು ಮಲಗುವ ಮುನ್ನ ಕುಡಿಯುವ ಮಿಲ್ಕ್ ಆಫ್ ಮೆಗ್ನೀಶಿಯಾದಲ್ಲೂ ಅದೇ. ಮೂಳೆಗೆಂದು ನುಂಗುವ ಕ್ಯಾಲ್ಸಿಯಂ ಮಾತ್ರೆಯ ಹಿಂಬದಿಯ ಸಣ್ಣಕ್ಷರಗಳನ್ನು ಓದಿದರೆ ಅಲ್ಲೂ ಐವತ್ತೋ ನೂರೋ ಮಿಲಿಗ್ರಾಂ ಸಿಗುತ್ತದೆ. ನುಂಗುವವರ ಮಟ್ಟಿಗೆ ಇವು ನಾಲ್ಕು ಕಾಯಿಲೆಗೆ ನಾಲ್ಕು ಔಷಧಿ. ಹೊರಹಾಕಬೇಕಾದ ಕಿಡ್ನಿಗೆ ನಾಲ್ಕೂ ಒಂದೇ ಸರಕು.

ಮೆಗ್ನೀಸಿಯಮ್ ಮಾತ್ರೆ ವಿಷವೇನಲ್ಲ. ಕಿಡ್ನಿ ಗಟ್ಟಿಯಿರುವ ನಲವತ್ತರ ಪ್ರಾಯದವರು ತುಸು ಹೆಚ್ಚು ನುಂಗಿದರೆ ಎರಡು ಸಲ ಭೇದಿಯಾಗಿ ಮುಗಿಯುತ್ತದೆ. ವಯಸ್ಸಾದವರಲ್ಲಿ ಹಾಗೆ ಮುಗಿಯದೇ ಇರುವುದಕ್ಕೆ ಮೂರು ಕಾರಣಗಳಿವೆ: ಒಟ್ಟು ಎಷ್ಟು ಹೋಗುತ್ತಿದೆ ಎಂದು ಯಾರೂ ಕೂಡಿ ನೋಡಿರುವುದಿಲ್ಲ, ಕಿಡ್ನಿಯ ನಿಜವಾದ ಸ್ಥಿತಿ ರಿಪೋರ್ಟಿನಲ್ಲಿ ಸರಿಯಾಗಿ ಕಾಣುವುದಿಲ್ಲ, ಜೊತೆಗೆ ಬೇರೆ ಹತ್ತು ಮಾತ್ರೆಗಳು ಅದೇ ಹೊಟ್ಟೆಯಲ್ಲಿ ಇರುತ್ತವೆ.

ಮೊದಲು ಕೂಡಿಸಿ

ಲೇಬಲ್ ಓದುವಾಗ ಆಗುವ ದೊಡ್ಡ ಎಡವಟ್ಟು ಇದು: ಬಾಟಲಿಯ ಮುಂಭಾಗದಲ್ಲಿ ‘ಮೆಗ್ನೀಸಿಯಮ್ ಗ್ಲೈಸಿನೇಟ್ 1000 ಮಿ.ಗ್ರಾಂ.’ ಎಂದಿದ್ದರೆ ಅದು ಲವಣದ ಒಟ್ಟು ತೂಕ. ಅದರೊಳಗಿನ ಶುದ್ಧ ಮೆಗ್ನೀಸಿಯಮ್, ಅಂದರೆ ಎಲಿಮೆಂಟಲ್ ಮೆಗ್ನೀಸಿಯಮ್, ಸುಮಾರು 140 ಮಿ.ಗ್ರಾಂ. ಮಾತ್ರ. ಪಕ್ಕದ ಬಾಟಲಿಯಲ್ಲಿ ‘ಮೆಗ್ನೀಸಿಯಮ್ ಆಕ್ಸೈಡ್ 500 ಮಿ.ಗ್ರಾಂ.’ ಎಂದಿದ್ದರೆ ಅದರಲ್ಲಿ ಶುದ್ಧ ಮೆಗ್ನೀಸಿಯಮ್ 300 ಮಿ.ಗ್ರಾಂ. ಅರ್ಧ ತೂಕದ ಮಾತ್ರೆಯಲ್ಲಿ ಎರಡು ಪಟ್ಟಿಗಿಂತ ಹೆಚ್ಚು ಮೆಗ್ನೀಸಿಯಮ್! ಆದ್ದರಿಂದ ಮುಂಭಾಗದ ಅಂಕಿಯನ್ನು ಬಿಟ್ಟು, ಹಿಂದಿನ ಪಟ್ಟಿಯಲ್ಲಿ ‘ಎಲಿಮೆಂಟಲ್’ ಎಂಬ ಪದದ ಎದುರಿಗಿರುವುದನ್ನು ಹುಡುಕಬೇಕು. ಅದು ಇಲ್ಲದಿದ್ದರೆ ಈ ಅಂದಾಜು ಸಾಕು: ನೂರು ಭಾಗ ಆಕ್ಸೈಡ್‌ನಲ್ಲಿ 60, ಹೈಡ್ರಾಕ್ಸೈಡ್‌ನಲ್ಲಿ 42, ಸಿಟ್ರೇಟ್‌ನಲ್ಲಿ 16, ಗ್ಲೈಸಿನೇಟ್‌ನಲ್ಲಿ 14, ಕ್ಲೋರೈಡ್‌ನಲ್ಲಿ 12, ಎಪ್ಸಮ್ ಸಾಲ್ಟ್‌ನಲ್ಲಿ 10, ಥ್ರಿಯೊನೇಟ್‌ನಲ್ಲಿ 8, ಗ್ಲೂಕೊನೇಟ್‌ನಲ್ಲಿ 5ರಿಂದ 6. ‘ಬಫರ್ಡ್ ಗ್ಲೈಸಿನೇಟ್’ ಎಂದು ಬರೆದಿದ್ದರೆ ಅದರಲ್ಲಿ ಆಕ್ಸೈಡ್ ಬೆರೆತಿದೆ ಎಂದು ತಿಳಿಯಿರಿ. ಹೊಟ್ಟೆಗೆ ಮೃದು ಎಂಬ ಕಾರಣಕ್ಕೆ ಹೆಚ್ಚು ಬೆಲೆ ಕೊಟ್ಟವರಿಗೆ ಅದು ಅಷ್ಟೊಂದು ಮೃದುವಾಗಿರದಿರುವುದಕ್ಕೆ ಇದೇ ಕಾರಣ. ಇನ್ನೊಂದು ಮಾತು, ‘ಒಂದು ಸರ್ವಿಂಗ್’ ಎಂದರೆ ಒಂದೇ ಮಾತ್ರೆ ಎಂದುಕೊಳ್ಳಬೇಡಿ. ಎಷ್ಟೋ ಬಾಟಲಿಗಳಲ್ಲಿ ಅದು ಎರಡು, ಮೂರು ಕ್ಯಾಪ್ಸೂಲ್.

ಸಿರಪ್‌ಗಳ ಲೆಕ್ಕ ಇನ್ನೂ ಬೆಚ್ಚಿಬೀಳಿಸುತ್ತದೆ. ಸಾಮಾನ್ಯ ಸಾಂದ್ರತೆಯ ಮಿಲ್ಕ್ ಆಫ್ ಮೆಗ್ನೀಶಿಯಾದ 5 ಮಿ.ಲೀ.ನಲ್ಲಿ 400 ಮಿ.ಗ್ರಾಂ. ಮೆಗ್ನೀಸಿಯಮ್ ಹೈಡ್ರಾಕ್ಸೈಡ್ ಇರುತ್ತದೆ; ಶುದ್ಧ ಮೆಗ್ನೀಸಿಯಮ್ ಸುಮಾರು 167 ಮಿ.ಗ್ರಾಂ. ಮಲಬದ್ಧತೆಗೆ ಕುಡಿಯುವ 30 ಮಿ.ಲೀ. ಅಳತೆಯಲ್ಲಿ ಅದು 1000 ಮಿ.ಗ್ರಾಂ. ಆಗುತ್ತದೆ. ಎಪ್ಸಮ್ ಸಾಲ್ಟ್ ಒಂದು ಟೀ ಚಮಚ ಸುಮಾರು 5 ಗ್ರಾಂ ತೂಗುತ್ತದೆ. ನೀರಿಗೆ ಕಲಸಿ ಕುಡಿದರೆ ಸುಮಾರು 500 ಮಿ.ಗ್ರಾಂ. ಮೆಗ್ನೀಸಿಯಮ್ ಒಳಗೆ ಹೋದಂತೆ. ಅದೇ ಉಪ್ಪಿನ ಬಿಸಿನೀರಲ್ಲಿ ಕಾಲು ನೆನೆಸಿಕೊಂಡರೆ ಚಿಂತೆಯಿಲ್ಲ, ಚರ್ಮದ ಮೂಲಕ ಲೆಕ್ಕಕ್ಕೆ ಬರುವಷ್ಟು ಹೋಗದು.

ಈಗ ಮಿತಿಯ ಮಾತು. ಅಮೆರಿಕದ ಪೌಷ್ಟಿಕತೆಯ ಮಾನದಂಡದಂತೆ 50 ದಾಟಿದ ಗಂಡಸರಿಗೆ ದಿನಕ್ಕೆ 420, ಹೆಂಗಸರಿಗೆ 320 ಮಿ.ಗ್ರಾಂ. ಮೆಗ್ನೀಸಿಯಮ್ ಬೇಕು, ಇದರಲ್ಲಿ ಊಟದಿಂದ ಬರುವುದೂ ಸೇರಿದೆ. ಮಾತ್ರೆ, ಸಿರಪ್‌ಗಳಿಂದ ಬರುವ ಪಾಲಿಗೆ ಮಾತ್ರ ಬೇರೆಯದೇ ಮೇಲ್ಮಿತಿ ಇದೆ: ಅಮೆರಿಕದಲ್ಲಿ 350 ಮಿ.ಗ್ರಾಂ., ಯುರೋಪಿನಲ್ಲಿ 250. ಅಗತ್ಯ 420, ಮೇಲ್ಮಿತಿ 350, ಇದೆಂಥ ಲೆಕ್ಕ ಎಂದು ಅನೇಕರು ತಲೆಕೆರೆದುಕೊಳ್ಳುತ್ತಾರೆ. ಎರಡೂ ಬೇರೆ ಬೇರೆ ಅಳತೆಗಳು. ಆಹಾರದ ಮೆಗ್ನೀಸಿಯಮ್‌ಗೆ ಮೇಲ್ಮಿತಿ ಹಾಕಿಲ್ಲ, ಏಕೆಂದರೆ ಬೀಜ, ಕಾಳು, ಸೊಪ್ಪುಗಳಿಂದ ಬರುವುದರಿಂದ ಆರೋಗ್ಯವಂತರಿಗೆ ತೊಂದರೆಯಾದದ್ದು ಕಂಡುಬಂದಿಲ್ಲ. ಮಾತ್ರೆಯ ಮಿತಿಯನ್ನು ಹಾಕಿದ್ದು ಭೇದಿ ಶುರುವಾಗುವ ಮಟ್ಟ ನೋಡಿ, ಅದೂ ಆರೋಗ್ಯವಂತರನ್ನು ಮನಸ್ಸಿನಲ್ಲಿಟ್ಟುಕೊಂಡು. ಕಿಡ್ನಿ ಸೋತವರಿಗೆ ‘350ರ ಒಳಗಿದ್ದೇನೆ’ ಎಂಬ ನೆಮ್ಮದಿ ಅನ್ವಯಿಸುವುದಿಲ್ಲ.

ಕ್ರಿಯಾಟಿನಿನ್ 1.0: ನಾರ್ಮಲ್ ಎಂಬ ಮೋಸ

ದೇಹದಲ್ಲಿ ಸುಮಾರು 25 ಗ್ರಾಂ ಮೆಗ್ನೀಸಿಯಮ್ ಇದೆ. ಅರ್ಧಕ್ಕಿಂತ ಹೆಚ್ಚು ಮೂಳೆಯಲ್ಲಿ, ಉಳಿದದ್ದು ಬಹುತೇಕ ಜೀವಕೋಶಗಳ ಒಳಗೆ. ರಕ್ತದ ಸೀರಮ್‌ನಲ್ಲಿರುವುದು ನೂರಕ್ಕೆ ಒಂದು ಭಾಗಕ್ಕಿಂತಲೂ ಕಡಿಮೆ. ಆ ಚೂರನ್ನು ಹದದಲ್ಲಿ ಇಡುವ ಕೆಲಸ ಬಹುಪಾಲು ಕಿಡ್ನಿಯದು. ಆರೋಗ್ಯವಂತ ಕಿಡ್ನಿಗಳು ದಿನಕ್ಕೆ ಸುಮಾರು 2400 ಮಿ.ಗ್ರಾಂ. ಸೋಸಿ, 95ರಿಂದ 97 ಪಾಲು ಮರಳಿ ಹೀರಿಕೊಂಡು, ಉಳಿದ ನೂರು ಚಿಲ್ಲರೆಯನ್ನು ಮೂತ್ರದಲ್ಲಿ ಬಿಡುತ್ತವೆ. ಒಳಗೆ ಬರುವುದು ಹೆಚ್ಚಿದರೆ ಬಿಡುವುದನ್ನೂ ಹೆಚ್ಚಿಸುತ್ತವೆ. ಸೋಸುವ ಶಕ್ತಿಯೇ ಕುಂದಿದಾಗ ಹೆಚ್ಚಿಸಲು ಜಾಗ ಇರುವುದಿಲ್ಲ. ಬೇರೆ ದಾರಿಯೂ ಇಲ್ಲ, ಯಕೃತ್ತು ಇದನ್ನು ಒಡೆಯಲಾರದು.

ವಯಸ್ಸಿನ ಜೊತೆ ಸೋಸುವ ಶಕ್ತಿ ಇಳಿಯುತ್ತದೆ. ಸ್ನಾಯುಗಳೂ ಕರಗುತ್ತವೆ. ಕಿಡ್ನಿ ಹೇಗಿದೆ ಎಂದು ತಿಳಿಯಲು ರಕ್ತದಲ್ಲಿ ಅಳೆಯುವ ತ್ಯಾಜ್ಯ ಕ್ರಿಯಾಟಿನಿನ್; ಅದು ಹುಟ್ಟುವುದೇ ಸ್ನಾಯುವಿನಿಂದ. ಹುಟ್ಟುವುದು ಕಡಿಮೆಯಾದಾಗ, ಹೊರಹಾಕುವುದು ಕಡಿಮೆಯಾದರೂ ರಕ್ತದಲ್ಲಿನ ಅಂಕಿ ಏರುವುದಿಲ್ಲ. ಒಂದು ಲೆಕ್ಕ ಮಾಡಿಯೇ ನೋಡೋಣ. ಔಷಧಿಯ ಡೋಸ್ ನಿರ್ಧರಿಸಲು ಬಳಸುವ ಕಾಕ್‌ಕ್ರಾಫ್ಟ್-ಗಾಲ್ಟ್ ಸೂತ್ರ ಹೀಗಿದೆ: 140ರಿಂದ ವಯಸ್ಸನ್ನು ಕಳೆಯಿರಿ, ಕಿಲೋ ತೂಕದಿಂದ ಗುಣಿಸಿ, 72 ಮತ್ತು ಕ್ರಿಯಾಟಿನಿನ್‌ಗಳ ಗುಣಲಬ್ಧದಿಂದ ಭಾಗಿಸಿ, ಹೆಂಗಸರಾದರೆ ಬಂದದ್ದನ್ನು 0.85ರಿಂದ ಗುಣಿಸಿ. ವಯಸ್ಸು 82, ತೂಕ 45 ಕೆ.ಜಿ., ಕ್ರಿಯಾಟಿನಿನ್ 1.0 ಇರುವ ಅಜ್ಜಿಯೊಬ್ಬರಿಗೆ: 58 × 45 = 2610; 72ರಿಂದ ಭಾಗಿಸಿದರೆ 36.25, 0.85ರಿಂದ ಗುಣಿಸಿದರೆ ನಿಮಿಷಕ್ಕೆ ಸುಮಾರು 31 ಮಿ.ಲೀ. ಲ್ಯಾಬ್ ರಿಪೋರ್ಟಿನಲ್ಲಿ ಕ್ರಿಯಾಟಿನಿನ್ ಪಕ್ಕ ಕೆಂಪು ಗುರುತು ಇಲ್ಲ. ಕೆಳಗೆ ಅಚ್ಚಾಗಿರುವ ಇಜಿಎಫ್‌ಆರ್ (ಸೋಸುವ ಶಕ್ತಿಯ ಅಂದಾಜು) ಕೂಡ ಸುಮಾರು 56 ಎಂದು ಹೇಳಬಹುದು, ಏಕೆಂದರೆ ಲ್ಯಾಬಿನ ಸೂತ್ರಕ್ಕೆ ತೂಕ ಗೊತ್ತಿಲ್ಲ. ಅದು ಎಲ್ಲರ ಮೈ ವಿಸ್ತೀರ್ಣವನ್ನೂ 1.73 ಚದರ ಮೀಟರ್ ಎಂದೇ ಹಿಡಿಯುತ್ತದೆ. ಸತ್ಯ ಬಹುಶಃ ಈ ಎರಡರ ನಡುವೆ ಎಲ್ಲೋ ಇದೆ. ಸಣಕಲು ಮೈಯವರಲ್ಲಿ ಸಂಶಯ ಬಂದರೆ ಸಿಸ್ಟಾಟಿನ್-ಸಿ ಪರೀಕ್ಷೆ ಕೇಳಬಹುದು, ಅದು ಸ್ನಾಯುವನ್ನು ಅಷ್ಟಾಗಿ ಅವಲಂಬಿಸಿಲ್ಲ.

ನನ್ನ ಮಾಪಕ ಸರಳ. ಸೋಸುವ ಶಕ್ತಿ ನಿಮಿಷಕ್ಕೆ 30 ಮಿ.ಲೀ.ಗಿಂತ ಕೆಳಗಿದ್ದರೆ ಮೆಗ್ನೀಸಿಯಮ್ ಇರುವ ಯಾವುದನ್ನೂ, ಆಂಟಾಸಿಡ್ ಸೇರಿದಂತೆ, ಕಿಡ್ನಿ ವೈದ್ಯರು ಬರೆದುಕೊಡದೆ ಮುಟ್ಟಬಾರದು. 30ರಿಂದ 60ರ ನಡುವೆ ಇದ್ದರೆ ವೈದ್ಯರಿಗೆ ತಿಳಿಸಿ, ಕಡಿಮೆ ಪ್ರಮಾಣದಲ್ಲಿ, ರಕ್ತದ ಮಟ್ಟ ನೋಡಿಕೊಂಡು. 60ರ ಮೇಲಿದ್ದರೂ ಆ ರಿಪೋರ್ಟು ಎರಡು ವರ್ಷ ಹಳೆಯದಾಗಿದ್ದರೆ ಅದು ಲೆಕ್ಕಕ್ಕಿಲ್ಲ.

ಹೊಟ್ಟೆ ಹೋಗದಿದ್ದಾಗಲೇ ಹೆಚ್ಚು ಅಪಾಯ

ಮಲಬದ್ಧತೆಗೆ ಕೊಡುವ ಮೆಗ್ನೀಸಿಯಮ್ ಕೆಲಸ ಮಾಡುವ ಬಗೆ ಸುಲಭ: ಕರುಳಲ್ಲಿ ಹೀರಿಕೊಳ್ಳದೆ ಉಳಿದದ್ದು ನೀರನ್ನು ತನ್ನತ್ತ ಎಳೆದುಕೊಳ್ಳುತ್ತದೆ, ಮಲ ಮೆದುವಾಗಿ ಜಾರುತ್ತದೆ. ಆಕ್ಸೈಡ್‌ನಂಥ ಲವಣದಲ್ಲಿ ದೇಹಕ್ಕೆ ಸೇರುವ ಪಾಲು ತೀರಾ ಕಡಿಮೆ, ಹಾಗಾಗಿ ಅದು ಸುರಕ್ಷಿತ ಎಂಬ ಮಾತು ಚಾಲ್ತಿಯಲ್ಲಿದೆ. ಈ ಮಾತು ನಿಂತಿರುವುದು ಔಷಧಿ ಹೊರಗೆ ಹೋಗುತ್ತದೆ ಎಂಬ ಊಹೆಯ ಮೇಲೆ. ಕರುಳು ಜಡವಾಗಿ, ನಾಲ್ಕೈದು ದಿನ ಏನೂ ಹೊರಬೀಳದೆ, ‘ನಿನ್ನೆಯದು ಸಾಲಲಿಲ್ಲ’ ಎಂದು ಇಂದು ಇನ್ನೆರಡು ಮುಚ್ಚಳ ಕುಡಿದರೆ ಅಷ್ಟೂ ಮೆಗ್ನೀಸಿಯಮ್ ಒಳಗೇ ಕೂತು ಗಂಟೆಗಟ್ಟಲೆ ಹೀರಿಕೊಳ್ಳುತ್ತಾ ಹೋಗುತ್ತದೆ. ಮಲಬದ್ಧತೆ ಹೆಚ್ಚಿದಷ್ಟೂ ಡೋಸ್ ಏರುತ್ತದೆ, ಡೋಸ್ ಏರಿದಷ್ಟೂ ರಕ್ತದ ಮಟ್ಟ ಏರುತ್ತದೆ, ಏರಿದ ಮೆಗ್ನೀಸಿಯಮ್ ಕರುಳಿನ ಸ್ನಾಯುವನ್ನೇ ಇನ್ನಷ್ಟು ಜಡ ಮಾಡುತ್ತದೆ.

ಜಪಾನಿನಲ್ಲಿ ಮೆಗ್ನೀಸಿಯಮ್ ಆಕ್ಸೈಡ್ ಮಲಬದ್ಧತೆಗೆ ದಶಕಗಳಿಂದ ಮನೆಮಾತಾದ ಔಷಧಿ. ಅಲ್ಲಿನ ಔಷಧಿ ನಿಯಂತ್ರಕರು 2008ರಲ್ಲಿ ಒಮ್ಮೆ, 2015ರಲ್ಲಿ ಮತ್ತೊಮ್ಮೆ ಅದರ ಎಚ್ಚರಿಕೆಯ ಬರಹವನ್ನು ಬಿಗಿ ಮಾಡಿದರು. ಎರಡನೆಯ ಸಲದ ಮಾತು ನೆನಪಿಡುವಂಥದ್ದು: ಮಲಬದ್ಧತೆ ಇರುವವರಲ್ಲಿ, ಕಿಡ್ನಿ ಸರಿಯಿದ್ದರೂ, ಡೋಸ್ ಸಾಮಾನ್ಯ ಮಟ್ಟದಲ್ಲೇ ಇದ್ದರೂ ಮೆಗ್ನೀಸಿಯಮ್ ಅಪಾಯದ ಮಟ್ಟಕ್ಕೆ ಏರಿದ ಪ್ರಕರಣಗಳಿವೆ, ಅದರಲ್ಲೂ ಹಿರಿಯರಲ್ಲಿ. ಆದ್ದರಿಂದ ಮೂರು ದಿನ ಹೊಟ್ಟೆ ಹೋಗದಿದ್ದರೆ ಮೆಗ್ನೀಸಿಯಮ್ ಏರಿಸಬೇಡಿ, ನಿಲ್ಲಿಸಿ. ಹೊಟ್ಟೆ ಉಬ್ಬಿ, ನೋವು, ವಾಂತಿ ಇದ್ದು ಗಾಳಿಯೂ ಹೋಗದಿದ್ದರೆ ಕರುಳು ಕಟ್ಟಿರಬಹುದು, ಆಗ ಯಾವ ಭೇದಿ ಔಷಧಿಯೂ ಬೇಡ, ನೇರ ಆಸ್ಪತ್ರೆ. ದಿನನಿತ್ಯದ ಮಲಬದ್ಧತೆಗೆ, ಕಿಡ್ನಿ ದುರ್ಬಲ ಇರುವವರಿಗೆ, ಲ್ಯಾಕ್ಟುಲೋಸ್ ಅಥವಾ ಪಾಲಿಎಥಿಲೀನ್ ಗ್ಲೈಕಾಲ್ ಪುಡಿ ಎಷ್ಟೋ ವಾಸಿ. ಕೊಲೊನೋಸ್ಕೋಪಿಗೆ ಮುನ್ನ ಕರುಳು ತೊಳೆಯಲು ಕೊಡುವ ದ್ರಾವಣಗಳಲ್ಲೂ ಕೆಲವು ಮೆಗ್ನೀಸಿಯಮ್ ಸಿಟ್ರೇಟ್‌ನವು. ಕಿಡ್ನಿ ತೊಂದರೆ ಇದೆ ಎಂದು ಪರೀಕ್ಷೆಯ ದಿನ ಹೇಳಿ ಉಪಯೋಗವಿಲ್ಲ, ದ್ರಾವಣ ಬರೆದುಕೊಡುವಾಗಲೇ ಹೇಳಬೇಕು.

ಇನ್ನು ತದ್ವಿರುದ್ಧದ ಕಡೆ, ಭೇದಿ. ‘ಮಾತ್ರೆ ಒಗ್ಗಲಿಲ್ಲ’ ಎಂದು ಇದನ್ನು ಹಗುರವಾಗಿ ತಳ್ಳಿಬಿಡುತ್ತಾರೆ. ಎಂಬತ್ತರವರಲ್ಲಿ ಒಂದು ರಾತ್ರಿಯ ಭೇದಿ ಎಂದರೆ ನೀರಿನಂಶ ಇಳಿದು, ಎದ್ದು ನಿಂತಾಗ ಬಿಪಿ ಕುಸಿದು, ಕತ್ತಲಲ್ಲಿ ಬಚ್ಚಲಿನ ಹೊಸ್ತಿಲಲ್ಲಿ ಬೀಳುವುದು. ನೀರಿನಂಶ ಇಳಿದರೆ ಕಿಡ್ನಿಗೆ ರಕ್ತ ಹರಿಯುವುದೂ ಇಳಿಯುತ್ತದೆ. ನಿನ್ನೆಯವರೆಗೆ ಹೊರಹಾಕುತ್ತಿದ್ದ ಮೆಗ್ನೀಸಿಯಮ್ ಇಂದು ಒಳಗೇ ಉಳಿಯುತ್ತದೆ. ಅದಕ್ಕೇ ಈ ನಿಯಮ: ವಾಂತಿ, ಭೇದಿ, ಜ್ವರ, ಊಟ-ನೀರು ಸೇರದ ದಿನಗಳಲ್ಲಿ ಮೆಗ್ನೀಸಿಯಮ್ ಬಂದ್. ಚೇತರಿಸಿಕೊಂಡು ಎರಡು ದಿನ ಸರಿಯಾಗಿ ಉಂಡ ಮೇಲೆ ಮತ್ತೆ ಯೋಚಿಸಿದರಾಯಿತು. ಕೆಲವು ದಿನ ತಪ್ಪಿದ್ದರಿಂದ ನಷ್ಟವೇನೂ ಆಗದು, ಮೂಳೆಯಲ್ಲಿ ದಾಸ್ತಾನಿದೆ.

ಗಡಿಯಾರದ ಜಗಳ

ಮೆಗ್ನೀಸಿಯಮ್ ಕೆಲವು ಔಷಧಿಗಳ ಅಣುಗಳನ್ನು ಹೊಟ್ಟೆಯಲ್ಲೇ ಹಿಡಿದು ಕಟ್ಟಿಹಾಕುತ್ತದೆ. ಕಟ್ಟಿಹಾಕಿದ ಔಷಧಿ ರಕ್ತಕ್ಕೆ ಸೇರದೆ ಮಲದಲ್ಲಿ ಹೊರಟುಹೋಗುತ್ತದೆ. ಅಡ್ಡಪರಿಣಾಮ ಅಂತ ಏನೂ ಕಾಣುವುದಿಲ್ಲ. ಇನ್ನೊಂದು ಕಾಯಿಲೆ ಸುಮ್ಮನೆ ಹದ ತಪ್ಪುತ್ತದೆ.

ಥೈರಾಯ್ಡ್ ಮಾತ್ರೆಗೆ ಇದು ಹೆಚ್ಚು ಕಾಡುತ್ತದೆ. ಲಿವೊಥೈರಾಕ್ಸಿನ್ ಮತ್ತು ಮೆಗ್ನೀಸಿಯಮ್ ನಡುವೆ 4 ಗಂಟೆ ಬೇಕು. ಟಿಎಸ್‌ಎಚ್ (ಥೈರಾಯ್ಡ್ ಹದ ತೋರುವ ರಕ್ತಪರೀಕ್ಷೆ) ಏಕಾಏಕಿ ಏರಿದಾಗ ಥೈರಾಯ್ಡ್ ಡೋಸ್ ಹೆಚ್ಚಿಸುವ ಮೊದಲು ‘ಹೊಸದಾಗಿ ಏನಾದರೂ ಮಾತ್ರೆ, ಗ್ಯಾಸ್ ಸಿರಪ್ ಶುರು ಮಾಡಿದಿರಾ’ ಎಂಬ ಪ್ರಶ್ನೆ ಬರಬೇಕು. ಮೂಳೆಗೆ ವಾರಕ್ಕೊಮ್ಮೆ ನುಂಗುವ ಅಲೆಂಡ್ರೊನೇಟ್ ಮೊದಲೇ ಚೂರುಪಾರು ಹೀರಿಕೊಳ್ಳುವ ಔಷಧಿ. ಅದನ್ನು ನುಂಗಿದ ಬೆಳಿಗ್ಗೆ ಮೆಗ್ನೀಸಿಯಮ್ ಹತ್ತಿರ ಸುಳಿಯಬಾರದು, ರಾತ್ರಿಗೆ ಇಡಿ. ಸಿಪ್ರೊಫ್ಲಾಕ್ಸಸಿನ್ ಆಂಟಿಬಯೋಟಿಕ್ ಆದರೆ ಮೆಗ್ನೀಸಿಯಮ್‌ಗಿಂತ 2 ಗಂಟೆ ಮೊದಲು, ಇಲ್ಲವೇ 6 ಗಂಟೆ ನಂತರ. ಡಾಕ್ಸಿಸೈಕ್ಲಿನ್ ಕೂಡ ಇದೇ ಜಾತಿಯ ತಕರಾರಿನದು. ದಿನಕ್ಕೆರಡು ಬಾರಿಯ ಆಂಟಿಬಯೋಟಿಕ್ ನಡೆಯುವ ಐದೋ ಏಳೋ ದಿನ ಈ ಗಂಟೆಗಳ ಕಸರತ್ತು ಮಾಡುವ ಬದಲು ಮೆಗ್ನೀಸಿಯಮ್ಮನ್ನೇ ನಿಲ್ಲಿಸುವುದು ಜಾಣತನ. ಮೂತ್ರದ ಸೋಂಕು ವಾಸಿಯಾಗದೆ ಉಳಿಯುವುದಕ್ಕಿಂತ ಒಂದು ವಾರ ಕಾಲು ಸೆಳೆದರೆ ಪರವಾಗಿಲ್ಲ.

ಅಲ್ಯೂಮಿನಿಯಂ-ಮೆಗ್ನೀಸಿಯಮ್ ಆಂಟಾಸಿಡ್ ಸಿರಪ್ ಜೊತೆಗೇ ನುಂಗಿದರೆ ಕೊಲೆಸ್ಟ್ರಾಲಿನ ರೋಸುವಾಸ್ಟಾಟಿನ್ ರಕ್ತಕ್ಕೆ ಸೇರುವುದು ಸುಮಾರು ಅರ್ಧಕ್ಕೆ ಇಳಿಯುತ್ತದೆ. ಸ್ಟಾಟಿನ್ ಮೊದಲು, ಸಿರಪ್ 2 ಗಂಟೆ ನಂತರ. ನರದ ನೋವಿಗೆ ಕೊಡುವ ಗ್ಯಾಬಪೆಂಟಿನ್ ಸುಮಾರು ಐದರಲ್ಲೊಂದು ಪಾಲು ಕಳೆದುಕೊಳ್ಳುತ್ತದೆ. ಇಲ್ಲಿ ಸಿರಪ್ ಕುಡಿದು 2 ಗಂಟೆ ಬಿಟ್ಟು ಮಾತ್ರೆ. ಬಿಸಾಕೊಡಿಲ್ ಭೇದಿ ಮಾತ್ರೆಯ ಮೇಲ್ಪದರ ಕರುಳಿಗೆ ಹೋದ ಮೇಲೆ ಕರಗುವಂತೆ ಮಾಡಿರುತ್ತಾರೆ. ಆಂಟಾಸಿಡ್ ಹೊಟ್ಟೆಯ ಆಮ್ಲ ಇಳಿಸಿದರೆ ಪದರ ಅಲ್ಲೇ ಕರಗಿ ಹೊಟ್ಟೆ ಹಿಂಡಿದಂತಾಗುತ್ತದೆ. ಒಂದು ಗಂಟೆಯಾದರೂ ಅಂತರ ಇರಲಿ.

ಇಷ್ಟನ್ನೂ ಬಾಯಿಪಾಠ ಮಾಡುವ ಅಗತ್ಯವಿಲ್ಲ. ಹೆಚ್ಚಿನವರಿಗೆ ಒಂದೇ ವೇಳಾಪಟ್ಟಿ ಸಾಕಾಗುತ್ತದೆ: ಎದ್ದ ಕೂಡಲೆ ಖಾಲಿ ಹೊಟ್ಟೆಯಲ್ಲಿ ಥೈರಾಯ್ಡ್ ಅಥವಾ ಅಲೆಂಡ್ರೊನೇಟ್ ಮಾತ್ರೆ, ತಿಂಡಿಯ ನಂತರ ಬಿಪಿ-ಸಕ್ಕರೆ ಮಾತ್ರೆಗಳು, ಸಂಜೆ ಆರರ ಹೊತ್ತಿಗೆ ಸ್ಟಾಟಿನ್, ರಾತ್ರಿ ಊಟದ ಕೊನೆಗೆ ಮೆಗ್ನೀಸಿಯಮ್ ಒಂಟಿಯಾಗಿ. ಕಬ್ಬಿಣದ ಮಾತ್ರೆ ಇದ್ದರೆ ಅದು ಮಧ್ಯಾಹ್ನಕ್ಕೆ. ವಾರದ ಮಾತ್ರೆ ಡಬ್ಬಿಯಲ್ಲಿ ‘ರಾತ್ರಿ’ ಖಾನೆಯೊಳಗೆ ಎಲ್ಲವನ್ನೂ ಒಟ್ಟಿಗೆ ತುಂಬುವ ಅಭ್ಯಾಸವಿದ್ದರೆ ಮೆಗ್ನೀಸಿಯಮ್ ಮಾತ್ರೆಯನ್ನು ಬೇರೆ ಡಬ್ಬಿಯಲ್ಲೇ ಇಡಿ.

ಕಟ್ಟಿಹಾಕುವ ಔಷಧಿಗಳು ಒಂದು ಬಗೆ, ಮಟ್ಟವನ್ನೇ ಏರಿಳಿಸುವವು ಇನ್ನೊಂದು. ಮೂತ್ರ ಹೆಚ್ಚಿಸುವ ಮಾತ್ರೆಗಳಲ್ಲಿ ಸ್ಪೈರೊನೊಲ್ಯಾಕ್ಟೋನ್, ಅಮಿಲೊರೈಡ್ ಮೆಗ್ನೀಸಿಯಮ್ಮನ್ನು ದೇಹದಲ್ಲಿ ಉಳಿಸುತ್ತವೆ, ಅವುಗಳ ಮೇಲೆ ಮತ್ತೆ ಪೂರಕ ಹಾಕುವಾಗ ರಕ್ತಪರೀಕ್ಷೆ ತಪ್ಪದು. ಫ್ಯುರೊಸೆಮೈಡ್, ಹೈಡ್ರೋಕ್ಲೋರೋಥಯಾಜೈಡ್‌ನಂಥ ನೀರಿನ ಮಾತ್ರೆಗಳು ಅದನ್ನು ಮೂತ್ರದಲ್ಲಿ ಕಳೆಯುತ್ತವೆ. ಎದೆಯುರಿಗೆ ವರ್ಷಗಟ್ಟಲೆ ನುಂಗುವ ಒಮೆಪ್ರಜೋಲ್, ಪ್ಯಾಂಟೊಪ್ರಜೋಲ್ ಗುಂಪೂ ಮಟ್ಟ ಇಳಿಸುತ್ತದೆ. ಅಮೆರಿಕದ ಔಷಧಿ ನಿಯಂತ್ರಕ ಎಫ್‌ಡಿಎ 2011ರಲ್ಲೇ ಈ ಬಗ್ಗೆ ಎಚ್ಚರಿಸಿತ್ತು, ಮತ್ತು ಪರಿಶೀಲಿಸಿದ ಪ್ರಕರಣಗಳಲ್ಲಿ ಸುಮಾರು ಕಾಲು ಭಾಗದಲ್ಲಿ ಮೆಗ್ನೀಸಿಯಮ್ ಕೊಟ್ಟರೂ ಮಟ್ಟ ಏರದೆ ಆ ಔಷಧಿಯನ್ನೇ ನಿಲ್ಲಿಸಬೇಕಾಗಿತ್ತು. ಅಂದರೆ ಇಲ್ಲಿ ಕೇಳಬೇಕಾದ ಮೊದಲ ಪ್ರಶ್ನೆ ‘ಯಾವ ಮೆಗ್ನೀಸಿಯಮ್ ಒಳ್ಳೆಯದು’ ಎಂಬುದಲ್ಲ, ‘ಈ ಗ್ಯಾಸಿನ ಮಾತ್ರೆ ಇನ್ನೂ ಬೇಕೇ’ ಎಂಬುದು. ಡಿಜಾಕ್ಸಿನ್ ತೆಗೆದುಕೊಳ್ಳುವ ಹೃದ್ರೋಗಿಗಳಲ್ಲಿ ಮೆಗ್ನೀಸಿಯಮ್ ಇಳಿದರೆ ಡಿಜಾಕ್ಸಿನ್ ವಿಷವಾಗುವ ಸಾಧ್ಯತೆ ಹೆಚ್ಚು, ಆಂಟಾಸಿಡ್ ಜೊತೆ ನುಂಗಿದರೆ ಡಿಜಾಕ್ಸಿನ್ ಕಡಿಮೆ ಸೇರುತ್ತದೆ. ಹಾಗಾಗಿ ಅವರು ತಾವಾಗಿಯೇ ಶುರು ಮಾಡುವುದೂ ಬೇಡ, ಇರುವುದನ್ನು ತಟ್ಟನೆ ಬಿಡುವುದೂ ಬೇಡ. ಮಯಾಸ್ತೇನಿಯಾ ಗ್ರಾವಿಸ್ (ಸ್ನಾಯುಗಳು ಬೇಗ ಸೋಲುವ ಕಾಯಿಲೆ) ಇರುವವರಲ್ಲಿ ಮೆಗ್ನೀಸಿಯಮ್ ಸ್ನಾಯುದೌರ್ಬಲ್ಯವನ್ನು ಕೆರಳಿಸುತ್ತದೆ. ಹಾರ್ಟ್ ಬ್ಲಾಕ್ (ರಕ್ತನಾಳದ ಅಡ್ಡಿಯಲ್ಲ, ಹೃದಯದ ವಿದ್ಯುತ್ ಸಂಕೇತಕ್ಕೆ ತಡೆ) ಇರುವವರಲ್ಲಿ ಬಡಿತವನ್ನು ಇನ್ನೂ ನಿಧಾನ ಮಾಡಬಹುದು. ಇವರಿಬ್ಬರಿಗೂ ನನ್ನ ಉತ್ತರ ಬೇಡ ಎಂದೇ.

ಬೇಕೇ? ಬೇಕಾದರೆ ಹೇಗೆ?

ಸೆಳೆತಕ್ಕೆ ಎಂದು ಕೊಳ್ಳುವವರೇ ಹೆಚ್ಚು. ದುರದೃಷ್ಟ, ಅಲ್ಲೇ ಪುರಾವೆ ಸೊರಗಿದೆ. ಪ್ರಯೋಗಗಳನ್ನೆಲ್ಲ ಒಟ್ಟಿಗಿಟ್ಟು ತೂಗುವ ಕಾಕ್ರೇನ್ ವಿಮರ್ಶೆ 2020ರ ಆವೃತ್ತಿಯಲ್ಲೂ ಹೇಳಿದ್ದು ಇದನ್ನೇ: ಹಿರಿಯರ ರಾತ್ರಿಯ ಸೆಳೆತವನ್ನು ಮೆಗ್ನೀಸಿಯಮ್ ಗಣನೀಯವಾಗಿ ತಡೆಯುವ ಸಾಧ್ಯತೆ ಕಡಿಮೆ. ನಿದ್ದೆಯ ವಿಷಯದಲ್ಲಿ ಇರುವ ಪ್ರಯೋಗಗಳು ಚಿಕ್ಕವು. ಬಿಪಿಯಲ್ಲಿ ಸರಾಸರಿ ಒಂದೆರಡು ಅಂಕ ಇಳಿಯಬಹುದು. ಹಾಗೆಂದು ಯಾರಿಗೂ ಬೇಡ ಎಂದಲ್ಲ. ನೀರಿನ ಮಾತ್ರೆ, ಹಳೆಯ ಗ್ಯಾಸಿನ ಮಾತ್ರೆ, ದೀರ್ಘಕಾಲದ ಭೇದಿ, ಮದ್ಯ, ಹತೋಟಿ ತಪ್ಪಿದ ಸಕ್ಕರೆ ಕಾಯಿಲೆ, ಇವುಗಳಲ್ಲಿ ಕೊರತೆ ನಿಜವಾಗಿಯೂ ಆಗುತ್ತದೆ. ಪೊಟ್ಯಾಸಿಯಮ್ ಎಷ್ಟು ಕೊಟ್ಟರೂ ಏರುತ್ತಿಲ್ಲ ಎಂದರೆ ಹಿಂದೆ ಮೆಗ್ನೀಸಿಯಮ್ ಕೊರತೆ ಇದೆಯೇ ಎಂದು ನೋಡಲೇಬೇಕು.

ಶುರು ಮಾಡುವ ಮೊದಲು ಕ್ರಿಯಾಟಿನಿನ್, ಪೊಟ್ಯಾಸಿಯಮ್, ಕ್ಯಾಲ್ಸಿಯಂ, ಸೀರಮ್ ಮೆಗ್ನೀಸಿಯಮ್ ಒಮ್ಮೆ ನೋಡಿಸಿ. ಸೀರಮ್ ಮಟ್ಟ ಸಾಮಾನ್ಯವಾಗಿ ಡೆಸಿಲೀಟರ್‌ಗೆ 1.7ರಿಂದ 2.4 ಮಿ.ಗ್ರಾಂ. ಇರುತ್ತದೆ, ರಿಪೋರ್ಟು ಮಿಲಿಮೋಲ್‌ನಲ್ಲಿದ್ದರೆ 2.43ರಿಂದ ಗುಣಿಸಿಕೊಳ್ಳಿ. ಸೀರಮ್ ನಾರ್ಮಲ್ ಇದ್ದರೂ ಜೀವಕೋಶಗಳಲ್ಲಿ ಕೊರತೆ ಇರಬಹುದು, ಅದು ಈ ಪರೀಕ್ಷೆಯ ಮಿತಿ. ಹೆಚ್ಚಾದದ್ದನ್ನು ಹಿಡಿಯಲು ಮಾತ್ರ ಇದು ಒಳ್ಳೆಯ ಪರೀಕ್ಷೆ. ರಕ್ತ ತೆಗೆಯುವಾಗ ಕೆಂಪು ಕಣಗಳು ಒಡೆದಿದ್ದರೆ ಅಂಕಿ ಸುಳ್ಳೇ ಏರುತ್ತದೆ. ‘ಹೀಮೊಲೈಸ್ಡ್’ ಎಂದು ಬರೆದಿದ್ದರೆ ಮತ್ತೆ ಮಾಡಿಸಿ.

ಪ್ರಮಾಣ: ರಾತ್ರಿ ಊಟದ ಜೊತೆ ಶುದ್ಧ ಮೆಗ್ನೀಸಿಯಮ್ 100 ಮಿ.ಗ್ರಾಂ., ಎರಡು ವಾರ. ಹೊಟ್ಟೆ ಒಗ್ಗಿದರೆ 200. ವೈದ್ಯರು ಹೇಳದೆ ಅದರಾಚೆ ಹೋಗುವುದಕ್ಕೆ ನನಗೆ ಕಾರಣ ಕಾಣುವುದಿಲ್ಲ. ಒಮ್ಮೆಗೇ ಹೆಚ್ಚು ನುಂಗಿದಷ್ಟೂ ಹೀರಿಕೊಳ್ಳುವ ಪಾಲು ಇಳಿಯುತ್ತದೆ, ಭೇದಿಯಾಗುವ ಪಾಲು ಏರುತ್ತದೆ. ಸಿಟ್ರೇಟ್ ಹೊಟ್ಟೆಯನ್ನು ಸಡಿಲಿಸುತ್ತದೆ, ಮಲಬದ್ಧತೆ ಇರುವವರಿಗೆ ಅದೇ ಅನುಕೂಲ. ಮೊದಲೇ ಮೆದು ಹೊಟ್ಟೆಯವರಿಗೆ ಗ್ಲೈಸಿನೇಟ್. ನೀರಲ್ಲಿ ನೊರೆಯೆದ್ದು ಕರಗುವ ಮಾತ್ರೆಗಳಲ್ಲಿ ಸೋಡಿಯಂ ಸಾಕಷ್ಟಿರುತ್ತದೆ, ಹೃದಯ ದುರ್ಬಲ ಇರುವವರಿಗೂ ಬಿಪಿಯವರಿಗೂ ಅದು ಸಲ್ಲದು. ದೊಡ್ಡ ಮಾತ್ರೆಗಳು ಅನ್ನನಾಳದಲ್ಲೇ ಸಿಕ್ಕಿಕೊಂಡು ಹುಣ್ಣು ಮಾಡಬಲ್ಲವು. ನೆಟ್ಟಗೆ ಕೂತು, ಲೋಟ ನೀರಿನೊಂದಿಗೆ ನುಂಗಿ, ಅರ್ಧ ಗಂಟೆ ಮಲಗಬಾರದು. ನಿಧಾನ ಬಿಡುಗಡೆಯ ಮಾತ್ರೆಯನ್ನು ಪುಡಿ ಮಾಡಬೇಡಿ, ನುಂಗಲು ಕಷ್ಟವಾದರೆ ಪುಡಿ ರೂಪದ್ದನ್ನೇ ಕೊಳ್ಳಿ, ಆದರೆ ಚಮಚ ಅಂದಾಜಿಗೆ ಬೇಡ, ಬಾಟಲಿಯೊಳಗಿನ ಅಳತೆಗರಂಡಿಯಿಂದ, ತಲೆ ಸಮ ಮಾಡಿ.

ಬಾಟಲಿಯ ಮೇಲೆ ಶುರು ಮಾಡಿದ ದಿನಾಂಕ ಬರೆಯಿರಿ. ಆರು ವಾರ ಕಳೆದ ಮೇಲೆ ಸೆಳೆತವೋ ನಿದ್ದೆಯೋ ಏನೂ ಬದಲಾಗದಿದ್ದರೆ ನಿಲ್ಲಿಸಿ. ರಕ್ತದಲ್ಲಿ ಕೊರತೆ ಕಂಡು ಶುರು ಮಾಡಿದ್ದರೆ ಆಗ ಮರುಪರೀಕ್ಷೆ.

ಮಂಕು ಕವಿದಾಗ

ಮೆಗ್ನೀಸಿಯಮ್ ಹೆಚ್ಚಾದ ಲಕ್ಷಣಗಳು ವಯಸ್ಸಿನ ವೇಷ ಹಾಕಿಕೊಂಡು ಬರುತ್ತವೆ. ಮಟ್ಟ ಡೆಸಿಲೀಟರ್‌ಗೆ 4-5 ಮಿ.ಗ್ರಾಂ. ದಾಟಿದಾಗ ವಾಕರಿಕೆ, ಮೈ ಬೆಚ್ಚಗಾಗಿ ಮುಖ ಕೆಂಪೇರುವುದು, ನಿಶ್ಶಕ್ತಿ, ತೂಕಡಿಕೆ, ಬಿಪಿ ಮತ್ತು ನಾಡಿ ಇಳಿಯುವುದು. 10-12ರ ಹೊತ್ತಿಗೆ ಮೊಣಕಾಲ ತಟ್ಟಿದರೆ ಕಾಲು ಚಿಮ್ಮುವುದಿಲ್ಲ. 15ರ ಆಚೆ ಉಸಿರಾಟದ ಸ್ನಾಯುಗಳು ಸೋಲುತ್ತವೆ, ಹೃದಯ ನಿಲ್ಲಬಹುದು. ಮೊದಲ ಹಂತವನ್ನು ‘ವಯಸ್ಸಾಯಿತು, ಇಡೀ ದಿನ ಮಲಗಿರುತ್ತಾರೆ’ ಎಂದು ತಳ್ಳಿಹಾಕುವುದು ಸುಲಭ. ಮೆಗ್ನೀಸಿಯಮ್ ತೆಗೆದುಕೊಳ್ಳುವ ಹಿರಿಯರು ಎರಡು-ಮೂರು ದಿನದಲ್ಲಿ ಮಂಕಾದರೆ, ಕೈಕಾಲು ಸೋತರೆ, ಬಿಪಿ ಮಾತ್ರೆ ಬದಲಿಸದೆಯೇ ಬಿಪಿ ಇಳಿದರೆ ಅಂದೇ ಸೀರಮ್ ಮೆಗ್ನೀಸಿಯಮ್ ಮಾಡಿಸಬೇಕು. ಎಬ್ಬಿಸಿದರೂ ಕಣ್ಣು ಬಿಡದಿದ್ದರೆ, ಉಸಿರು ನಿಧಾನವಾದರೆ, ಆಂಬುಲೆನ್ಸ್.

ಆಸ್ಪತ್ರೆಯಲ್ಲಿ ಮೊದಲು ಕೊಡುವುದು ರಕ್ತನಾಳಕ್ಕೆ ಕ್ಯಾಲ್ಸಿಯಂ ಗ್ಲೂಕೊನೇಟ್. ಅದು ಮೆಗ್ನೀಸಿಯಮ್ಮನ್ನು ಹೊರಹಾಕುವುದಿಲ್ಲ, ಹೃದಯ ಮತ್ತು ಸ್ನಾಯುವಿನ ಮೇಲೆ ಅದರ ಹಿಡಿತವನ್ನು ಸಡಿಲಿಸಿ ಸಮಯ ಗಳಿಸಿಕೊಡುತ್ತದೆ. ಕಿಡ್ನಿ ಕೆಲಸ ಮಾಡುತ್ತಿದ್ದರೆ ಸಲೈನ್, ಮೂತ್ರ ಹೆಚ್ಚಿಸುವ ಔಷಧಿ, ಇಲ್ಲದಿದ್ದರೆ ಡಯಾಲಿಸಿಸ್. ಹೋಗುವಾಗ ಔಷಧಿ ಚೀಟಿಯ ಜೊತೆ ಮನೆಯಲ್ಲಿರುವ ಬಾಟಲಿಗಳನ್ನೂ ಒಂದು ಚೀಲಕ್ಕೆ ತುಂಬಿಕೊಳ್ಳಿ, ಗ್ಯಾಸಿನ ಸಿರಪ್ಪನ್ನೂ ಎಪ್ಸಮ್ ಸಾಲ್ಟಿನ ಪೊಟ್ಟಣವನ್ನೂ ಬಿಡದೆ. ಕೊನೆಯ ಸಲ ಯಾವುದನ್ನು, ಎಷ್ಟು ಹೊತ್ತಿಗೆ ಕುಡಿದರು, ಕೊನೆಯ ಸಲ ಹೊಟ್ಟೆ ಹೋದದ್ದು ಯಾವಾಗ ಎಂದು ಹೇಳಿ. ಕರುಳಲ್ಲಿ ಇನ್ನೂ ದಾಸ್ತಾನು ಉಳಿದಿದ್ದರೆ ಮೊದಲ ರಕ್ತಪರೀಕ್ಷೆಯ ನಂತರವೂ ಮಟ್ಟ ಏರುತ್ತಲೇ ಇರುತ್ತದೆ, ಎರಡನೆಯ ಪರೀಕ್ಷೆಯನ್ನು ಎಷ್ಟು ಬೇಗ ಮಾಡಬೇಕು ಎಂಬುದು ಆ ಉತ್ತರದ ಮೇಲೆ ನಿಂತಿದೆ.